‘ಇಲ್ಲಿ’ ಎನ್ನುವ ಒಂದು ಪದ

ಯೇಸುವಿನ ಜನನದ ಸುದ್ದಿಯನ್ನು ದೇವದೂತ ಮರಿಯಳಿಗೆ ತಿಳಿಸಿದ ನೆನಪಿಗಾಗಿ ಕಟ್ಟಿದ್ದು ನಜರೇತಿನ ಮಂಗಳವಾರ್ತೆ ಮಹಾದೇವಾಲಯ. ಅದರ ಕೆಳ ಅಂತಸ್ತಿನಲ್ಲಿ ಒಂದು ಗುಹೆಯಿದೆ. ಅದರೊಳಗಿನ ಬಲಿಪೀಠದ ಮೇಲೆ ಲ್ಯಾಟಿನ್ ಭಾಷೆಯ ಒಂದು ಸಾಲು ಕೆತ್ತಿದ್ದಾರೆ: ‘ವೆರ್ಬುಮ್ ಕಾರೊ ಹಿಕ್ ಫಾಕ್ತುಮ್ ಎಸ್ತ್’. ವಾಕ್ಯವು ಇಲ್ಲಿ ಮನುಷ್ಯನಾಯಿತು. ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶ ಓದಿದವರಿಗೆಲ್ಲ ಈ ಮಾತು ಗೊತ್ತು. ಆದರೆ ಶುಭಸಂದೇಶದಲ್ಲಿ ಇಲ್ಲದ ಒಂದು ಪದ ಈ ಕಲ್ಲಿನ ಮೇಲಿದೆ: ‘ಹಿಕ್’, ಅಂದರೆ ‘ಇಲ್ಲಿ’. ಬೆತ್ಲೆಹೇಮಿನ ಗುಹೆಯ ನೆಲದಲ್ಲಿ ಹದಿನಾಲ್ಕು ಮೊನೆಗಳ ಬೆಳ್ಳಿಯ ನಕ್ಷತ್ರವೊಂದಿದೆ. ಅದರ ಸುತ್ತ ಬರೆದ ಸಾಲು ಶುರುವಾಗುವುದೂ ಅದೇ ಪದದಿಂದ. ಇಲ್ಲಿ ಕನ್ಯಾಮರಿಯಳಿಂದ ಯೇಸುಕ್ರಿಸ್ತರು ಜನಿಸಿದರು.

ಬೈಬಲ್ ಮನೆಯಲ್ಲೂ ಇದೆ, ಪ್ರಾರ್ಥನೆ ಎಲ್ಲಿ ಬೇಕಾದರೂ ಮಾಡಬಹುದು. ಪವಿತ್ರ ನಾಡಿಗೆ, ಅಂದರೆ ಯೇಸು ಬಾಳಿದ ಇಸ್ರೇಲ್, ಪ್ಯಾಲೆಸ್ಟೀನ್ ನೆಲಕ್ಕೆ, ಸಮುದ್ರ ದಾಟಿ ಯಾತ್ರೆ ಹೋಗುವುದು ಆ ‘ಇಲ್ಲಿ’ಗಾಗಿ. ಕಾಲು ಅಲ್ಲಿ ಊರಿದ ಗಳಿಗೆಯಲ್ಲಿ ಮನಸ್ಸೂ ಅಲ್ಲೇ ಇರಬೇಕು. ತಂಡದಲ್ಲಿ ಹೋದವರಿಗೆ ತಪ್ಪಿಹೋಗುವುದು ಸಾಮಾನ್ಯವಾಗಿ ಅದೇ. ಗುಹೆಯ ಮುಂದೆ ನಿಂತಾಗ ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಶೌಚಾಲಯದ ಚಿಂತೆ, ಇನ್ನೊಬ್ಬರಿಗೆ ಪಾಸ್‌ಪೋರ್ಟ್ ಬಸ್ಸಿನಲ್ಲೇ ಬಿಟ್ಟೆನೇನೋ ಎಂಬ ದಿಗಿಲು, ಮುಂದಾಳಿಗೆ ಗಡಿಯಾರ. ಇವು ಭಕ್ತಿ ಕಡಿಮೆಯಾದ ಲಕ್ಷಣವಲ್ಲ, ತಯಾರಿ ಕಡಿಮೆಯಾದ ಲಕ್ಷಣ. ಚಪ್ಪಲಿ, ಮಾತ್ರೆ, ಗಡಿಯ ಕಾಗದ, ಬಸ್ಸಿನ ಎಣಿಕೆ ಇವನ್ನೆಲ್ಲ ಪ್ರಾರ್ಥನೆಯ ಭಾಗವೆಂದೇ ಹಿಡಿದು, ಯಾತ್ರೆಯ ತಂಡ ಕಟ್ಟುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊತ್ತಿನ ಲೆಕ್ಕ. ಟೂರ್ ಆಪರೇಟರ್ ಕೊಡುವ ಹಾಳೆಯಲ್ಲಿ ದಿನಕ್ಕೆ ಆರೇಳು ಸ್ಥಳಗಳಿರುತ್ತವೆ. ನೋಡಿದವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುತ್ತದೆ. ಒಂದು ದಿನವನ್ನು ನಿಮಿಷಗಳಲ್ಲಿ ಹರಡಿ ನೋಡೋಣ. ಬೆಳಿಗ್ಗೆ 8ಕ್ಕೆ ಹೊರಟ ಬಸ್ಸು ಸಂಜೆ 5ಕ್ಕೆ ಹೋಟೆಲಿಗೆ ಮರಳಿದರೆ ಕೈಯಲ್ಲಿರುವುದು 540 ನಿಮಿಷ. ಊಟಕ್ಕೆ 60, ದಾರಿಗೆ ಒಟ್ಟು 120. 45 ಜನರ ತಂಡಕ್ಕೆ ನಾಲ್ಕು ಶೌಚಾಲಯ ಸಿಕ್ಕಿ, ತಲೆಗೆ ಒಂದೂವರೆ ನಿಮಿಷ ಹಿಡಿದರೂ 17 ನಿಮಿಷ ಆಗುತ್ತದೆ, 20 ಎಂದುಕೊಳ್ಳಿ. ದಿನಕ್ಕೆ ಮೂರು ಸಲ ಅಂದರೆ 60. ಪ್ರತಿ ಸ್ಥಳದಲ್ಲೂ ಬಸ್ಸಿಳಿದು ಒಂದೆಡೆ ಸೇರಲು 10, ಮತ್ತೆ ಹತ್ತಿ ತಲೆ ಎಣಿಸಲು 10. ಏಳು ಸ್ಥಳಗಳಿಗೆ 140. ಇಷ್ಟನ್ನೂ ಕಳೆದರೆ ಉಳಿಯುವುದು 160 ನಿಮಿಷ, ಒಂದೊಂದು ಸ್ಥಳಕ್ಕೆ ಸುಮಾರು 23. ಗೈಡ್ ವಿವರಣೆಗೆ 15, ಫೋಟೊಗೆ 5. ಪ್ರಾರ್ಥನೆಗೆ ಉಳಿದದ್ದು ಮೂರೇ ನಿಮಿಷ. ಅದೇ ದಿನ ನಾಲ್ಕು ಸ್ಥಳ ಮಾತ್ರ ಇಟ್ಟುಕೊಂಡರೆ ಒಂದೊಂದಕ್ಕೆ 55 ನಿಮಿಷ ಸಿಗುತ್ತದೆ. ಓದುವುದಕ್ಕೆ, ಹಾಡುವುದಕ್ಕೆ, ಸುಮ್ಮನೆ ಕುಳಿತುಕೊಳ್ಳುವುದಕ್ಕೆ ಅಷ್ಟು ಬೇಕು. ಆಪರೇಟರ್ ಜೊತೆಗಿನ ಮೊದಲ ಮಾತುಕತೆಯಲ್ಲಿ ದರ ಕೇಳುವ ಮೊದಲು ಈ ಲೆಕ್ಕವನ್ನು ಮುಂದಿಡಿ. ಯಾವ ಸ್ಥಳ ಬಿಡಬೇಕೆಂದು ತಂಡದೊಳಗೆ ಜಗಳವಾದರೆ ಆಗಲಿ. ಆರು ತಿಂಗಳ ಮೊದಲೇ ಆಗಿ ಮುಗಿಯಲಿ.

ಸ್ಥಳಗಳ ಕ್ರಮ ಎರಡನೆಯ ಮಾತು. ಗಲಿಲೇಯ ಮೊದಲು, ಜೆರುಸಲೇಮ್ ಕೊನೆಗೆ ಎನ್ನುವುದೇ ಸರಿ. ಶುಭಸಂದೇಶದ ಕಥೆ ನಡೆದದ್ದು ಆ ದಿಕ್ಕಿನಲ್ಲಿ ಎನ್ನುವುದು ಒಂದು ಕಾರಣವಾದರೆ, ದೇಹಕ್ಕೂ ಅದೇ ಒಗ್ಗುತ್ತದೆ ಎನ್ನುವುದು ಇನ್ನೊಂದು. ಗಲಿಲೇಯ ಸರೋವರದ ದಂಡೆಯಲ್ಲಿ ನೆಲ ಹೆಚ್ಚುಕಡಿಮೆ ಸಮ. ಕಫರ್ನೌಮ್, ತಾಬ್ಗಾ, ಅಷ್ಟಭಾಗ್ಯಗಳ ಬೆಟ್ಟ ಒಂದಕ್ಕೊಂದು ಕೆಲವೇ ನಿಮಿಷಗಳ ದಾರಿ. ವಿಮಾನದ ಆಯಾಸ ಅಲ್ಲಿ ಇಳಿಯುತ್ತದೆ, ತಂಡಕ್ಕೆ ಜೊತೆಯಾಗಿ ನಡೆಯುವ ಹದ ಬರುತ್ತದೆ. ಜೆರುಸಲೇಮಿನ ಹಳೆ ಪಟ್ಟಣವೋ, ಮೆಟ್ಟಿಲು, ಇಳಿಜಾರು, ಜನಜಂಗುಳಿ. ಮೊದಲ ದಿನವೇ ಅಲ್ಲಿಗೆ ನುಗ್ಗಿದವರು ಎರಡನೆಯ ದಿನಕ್ಕೆ ಕಾಲು ಹಿಡಿದುಕೊಂಡು ಬಸ್ಸಿನಲ್ಲೇ ಕೂರುತ್ತಾರೆ. ಈಜಿಪ್ಟ್ ಮತ್ತು ಜೋರ್ಡಾನ್ ಸೇರಿಸಿದ ಯಾತ್ರೆಗೆ ಸೀನಾಯಿ, ನೆಬೋ ಬೆಟ್ಟ, ಆಮೇಲೆ ಜೋರ್ಡಾನ್ ನದಿ ಎನ್ನುವುದು ವಿಮೋಚನಕಾಂಡದ ದಾರಿಯೇ, ನಿಜ. ಆದರೆ ಅದಕ್ಕೆ ಕನಿಷ್ಠ ಹನ್ನೆರಡು ದಿನ ಬೇಕು. ಎಂಟು ದಿನಕ್ಕೆ ಮೂರು ದೇಶ ತುರುಕಿದರೆ ಯಾತ್ರಿಕರು ನೋಡುವುದು ಮೂರು ದೇಶಗಳ ಇಮಿಗ್ರೇಷನ್ ಸಾಲುಗಳನ್ನು.

ದಿನಾಂಕ ಗೊತ್ತುಮಾಡುವಾಗ ಮೂರು ಧರ್ಮಗಳ ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯೆಹೂದ್ಯರ ಸಬ್ಬತ್. ಪಶ್ಚಿಮ ಜೆರುಸಲೇಮಿನಲ್ಲಿ ಅಂಗಡಿ ಮುಚ್ಚಿರುತ್ತವೆ, ಸಾರ್ವಜನಿಕ ಬಸ್ ಇರುವುದಿಲ್ಲ, ಅನೇಕ ಹೋಟೆಲುಗಳಲ್ಲಿ ಒಂದು ಲಿಫ್ಟ್ ತಾನಾಗಿ ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಗುತ್ತದೆ. ಯೆಹೂದ್ಯರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ಇಡೀ ಇಸ್ರೇಲ್ ನಿಂತುಬಿಡುತ್ತದೆ, ವಿಮಾನ ನಿಲ್ದಾಣ ಕೂಡ. ರಂಜಾನ್ ತಿಂಗಳಲ್ಲಿ ಮುಸ್ಲಿಂ ಬೀದಿಗಳ ಊಟದಂಗಡಿ, ಸಂಚಾರದ ಹೊತ್ತು ಬದಲಾಗುತ್ತವೆ. ಪಾಸ್ಕದ (ಈಸ್ಟರ್) ವಾರದಲ್ಲಿ ಅಲ್ಲಿರಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಆ ವಾರ ಜೆರುಸಲೇಮಿನಲ್ಲಿ ಯೇಸುವಿನದೆಂದು ನಂಬುವ ಪವಿತ್ರ ಸಮಾಧಿಯ ಸುತ್ತ ಪೊಲೀಸ್ ತಡೆಗಳು, ಗಂಟೆಗಟ್ಟಲೆ ಸಾಲು. ಪಾಶ್ಚಾತ್ಯ ಸಭೆಗೂ ಆರ್ಥೊಡಾಕ್ಸ್ ಸಭೆಗೂ ಪಾಸ್ಕದ ದಿನ ಸಾಮಾನ್ಯವಾಗಿ ಬೇರೆಬೇರೆ, ಆದ್ದರಿಂದ ಎರಡನ್ನೂ ನೋಡಿಕೊಳ್ಳಬೇಕು. ವಯಸ್ಸಾದವರಿರುವ ತಂಡಕ್ಕೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ಪಾದ ಹಿತ. ಇನ್ನೊಂದು ಸಣ್ಣ ಸಂಗತಿ ಎಷ್ಟೋ ದಿನಗಳನ್ನು ಕೆಡಿಸುತ್ತದೆ: ಬಹಳಷ್ಟು ಚರ್ಚುಗಳು ಮಧ್ಯಾಹ್ನ ಸುಮಾರು 12ರಿಂದ 2ರವರೆಗೆ ಬಾಗಿಲು ಹಾಕುತ್ತವೆ, ಭಾನುವಾರ ಬೆಳಿಗ್ಗೆ ಆರಾಧನೆಯಿರುವಾಗ ತಂಡಗಳನ್ನು ಒಳಗೆ ಬಿಡುವುದಿಲ್ಲ. ಹನ್ನೊಂದೂ ಮುಕ್ಕಾಲಿಗೆ ತಲುಪಿದ ಬಸ್ಸು ಎರಡು ಗಂಟೆ ಬಿಸಿಲಲ್ಲಿ ಕಾಯುತ್ತದೆ.

ಬಲಿಪೂಜೆಯ (ಕ್ಯಾಥೊಲಿಕರ ಮಾಸ್) ಸ್ಥಳಗಳನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಕ್ಯಾಥೊಲಿಕರ ಪಾಲಿಗೆ ಹೆಚ್ಚಿನ ಪುಣ್ಯಸ್ಥಳಗಳನ್ನು ನೋಡಿಕೊಳ್ಳುವವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ‘ಪವಿತ್ರ ನಾಡಿನ ಕಸ್ಟಡಿ’. ದಿನ, ಹೊತ್ತು, ತಂಡದ ಸಂಖ್ಯೆ, ಗುರುಗಳ (ಪಾದ್ರಿಗಳ) ಹೆಸರು ಕೊಟ್ಟು ಅವರ ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಆಪರೇಟರ್ ‘ಆಗಿದೆ’ ಎಂದು ಬಾಯಲ್ಲಿ ಹೇಳಿದ್ದು ಸಾಲದು. ಆ ಪತ್ರದ ಪ್ರತಿ ತಂಡದ ಮುಂದಾಳಿನ ಕೈಯಲ್ಲೇ ಇರಲಿ. ಜೊತೆಗೆ ಬರುವ ಗುರುಗಳು ತಮ್ಮ ಧರ್ಮಾಧ್ಯಕ್ಷರಿಂದ (ಬಿಷಪ್) ಪಡೆದ ಗುರುತುಪತ್ರ ಒಯ್ಯಬೇಕು. ಅರ್ಧ ಗಂಟೆಯ ಅವಧಿ ಸಿಕ್ಕಿದರೆ ಅದು ಅರ್ಧವೇ ಗಂಟೆ. ಮುಂದಿನ ತಂಡ ಬಾಗಿಲಲ್ಲಿ ನಿಂತಿರುತ್ತದೆ. ಪ್ರವಚನ ಐದು ನಿಮಿಷಕ್ಕೆ ನಿಲ್ಲಬೇಕೆಂದು ಗುರುಗಳಿಗೆ ಮೊದಲೇ ವಿನಯದಿಂದ ಹೇಳಿಡುವುದು ಒಳ್ಳೆಯದು. ಪ್ರಾಟೆಸ್ಟಂಟ್ ತಂಡಗಳು ಡಮಾಸ್ಕಸ್ ಬಾಗಿಲಿನ ಹೊರಗಿರುವ ಉದ್ಯಾನ ಸಮಾಧಿಯಲ್ಲಿ ಕರ್ತನ ಭೋಜನಕ್ಕೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬಹುದು. ಎರಡೂ ಸಭೆಯವರು ಕೂಡಿದ ತಂಡವಾದರೆ ಯಾವ ದಿನ ಯಾರ ಕ್ರಮ, ಯಾವುದರಲ್ಲಿ ಯಾರು ಸುಮ್ಮನೆ ಕುಳಿತಿರುತ್ತಾರೆ ಎನ್ನುವುದು ಹೊರಡುವ ಮೊದಲೇ ಇತ್ಯರ್ಥವಾಗಲಿ. ಪುಣ್ಯಸ್ಥಳದ ಮುಂದೆ ನಿಂತು ಚರ್ಚಿಸುವ ವಿಷಯವಲ್ಲ ಅದು.

ಒಪ್ಪಂದದ ಕಾಗದದಲ್ಲಿ ನೋಡಬೇಕಾದದ್ದು ‘ಸೇರಿದೆ’ ಎಂದಿರುವುದನ್ನಲ್ಲ, ‘ಸೇರಿಲ್ಲ’ ಎಂದಿರುವುದನ್ನು. ಗೈಡ್ ಮತ್ತು ಚಾಲಕರ ಟಿಪ್ಸ್, ಗಡಿ ದಾಟುವ ಶುಲ್ಕ, ಮಧ್ಯಾಹ್ನದ ಊಟ, ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್, ಒಬ್ಬರೇ ಒಂದು ಕೋಣೆಯಲ್ಲಿದ್ದರೆ ಕೊಡಬೇಕಾದ ಹೆಚ್ಚುವರಿ ಹಣ, ತಾಬೋರ್ ಬೆಟ್ಟ ಹತ್ತುವ ಸಣ್ಣ ವಾಹನ: ಇವು ಕೊನೆಗೆ ತಲೆ ಎತ್ತುತ್ತವೆ. ಟಿಪ್ಸನ್ನು ಹೊರಡುವ ಮೊದಲೇ ಎಲ್ಲರಿಂದ ಸಂಗ್ರಹಿಸಿ ಲಕೋಟೆಗಳಲ್ಲಿಟ್ಟರೆ ಕೊನೆಯ ದಿನ ಬಸ್ಸಿನಲ್ಲಿ ಚಿಲ್ಲರೆ ಎಣಿಸುವ ಮುಜುಗರ ತಪ್ಪುತ್ತದೆ. ಹೆಡ್‌ಸೆಟ್ ಬೇಡವೆನ್ನುವವರು ಉಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಗದ್ದಲದ ಬೀದಿಯಲ್ಲಿ ಗೈಡ್ ಪಿಸುಮಾತಿನಲ್ಲಿ ಹೇಳಿದ್ದು ಹಿಂದಿನವರಿಗೂ ಕೇಳುತ್ತದೆ, ದೇವಾಲಯದೊಳಗೆ ಯಾರೂ ಕೂಗಬೇಕಿಲ್ಲ. ಮತ್ತೊಂದು ಶರತ್ತನ್ನು ಬರೆಸಿಯೇ ಬಿಡಿ: ಅಂಗಡಿಯ ನಿಲುಗಡೆ ಇಡೀ ಯಾತ್ರೆಯಲ್ಲಿ ಇಷ್ಟೇ ಸಲ, ಇಷ್ಟೇ ನಿಮಿಷ. ಬೆತ್ಲೆಹೇಮಿನ ಆಲಿವ್ ಮರದ ಕೆತ್ತನೆ ಕೊಳ್ಳುವುದು ಒಳ್ಳೆಯದೇ, ಅಲ್ಲಿನ ಎಷ್ಟೋ ಕ್ರೈಸ್ತ ಕುಟುಂಬಗಳ ಅನ್ನ ಅದು. ಹಾಗೆಂದು ದಿನಕ್ಕೊಂದು ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಳೆದರೆ, ಯೇಸು ಬಂಧನಕ್ಕೆ ಮುನ್ನ ಪ್ರಾರ್ಥಿಸಿದ ಗೆತ್ಸೆಮನೆ ತೋಟಕ್ಕೆ ಉಳಿಯುವುದು ಕಾಲು ಗಂಟೆ.

ಕಾಗದಪತ್ರಗಳಲ್ಲಿ ತಪ್ಪಾಗುವುದು ಬಹುಪಾಲು ಹೆಸರಿನಲ್ಲಿ. ಟಿಕೆಟ್, ವೀಸಾ, ಹೋಟೆಲ್ ಪಟ್ಟಿ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರ ಬದಲಾಗದೆ ಹೆಸರಿರಬೇಕು. ಯಾತ್ರಿಕರು ಕೈಬರಹದಲ್ಲಿ ಬರೆದುಕೊಟ್ಟದ್ದನ್ನು ನಂಬಬೇಡಿ. ಪಾಸ್‌ಪೋರ್ಟಿನ ಫೋಟೊಪುಟದ ಸ್ಪಷ್ಟ ಪ್ರತಿ ತರಿಸಿಕೊಂಡು, ಕೆಳಗಿನ ಎರಡು ಯಂತ್ರಾಕ್ಷರದ ಸಾಲುಗಳಿಂದ ಹೆಸರು ಇಳಿಸಿಕೊಳ್ಳಿ. ಮರಳುವ ದಿನದಿಂದ ಇನ್ನೂ ಆರು ತಿಂಗಳ ಅವಧಿ ಉಳಿದಿರಲಿ, ಎರಡು ಪುಟವಾದರೂ ಖಾಲಿಯಿರಲಿ. ನವೀಕರಿಸಬೇಕಾದವರು ಹಳೆಯ ಸಂಖ್ಯೆ ಕೊಟ್ಟು ಆಮೇಲೆ ಹೊಸ ಪಾಸ್‌ಪೋರ್ಟ್ ತಂದರೆ ಇಡೀ ತಂಡದ ವೀಸಾ ಅರ್ಜಿ ನಿಂತುಹೋಗಬಹುದು. ವೀಸಾ ನಿಯಮ ಪಾಸ್‌ಪೋರ್ಟಿನಿಂದ ಪಾಸ್‌ಪೋರ್ಟಿಗೆ ಬೇರೆ. ವೀಸಾ ಬೇಡದ ದೇಶಗಳ ಪ್ರಜೆಗಳೂ 2025ರ ಜನವರಿ 1ರಿಂದ ಇಸ್ರೇಲಿಗೆ ಮೊದಲೇ ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕು. ಇಸ್ರೇಲ್ ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಒಂದು ಪುಟ್ಟ ಚೀಟಿ ಕೊಡುತ್ತದೆ. ಬುಕ್‌ಮಾರ್ಕ್ ಮಾಡಿಕೊಂಡು ಅದನ್ನು ಕಳೆದುಕೊಳ್ಳುವವರು ಪ್ರತಿ ತಂಡದಲ್ಲೂ ಇಬ್ಬರು ಮೂವರು ಇರುತ್ತಾರೆ. ಪಾಸ್‌ಪೋರ್ಟಿನ ಕವರಿನೊಳಗೆ ಸಿಕ್ಕಿಸಿಡುವಂತೆ ಇಳಿದ ಕೂಡಲೇ ಹೇಳಬೇಕು.

ನೆಲದ ಗಡಿ ದಾಟುವ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಜೋರ್ಡಾನಿಗೂ ಇಸ್ರೇಲಿನ ಕಡೆಗೂ ನಡುವೆ ಉತ್ತರದಲ್ಲಿ ಶೇಖ್ ಹುಸೇನ್ ಸೇತುವೆ, ಜೆರಿಕೊ ಬಳಿ ಅಲೆನ್‌ಬಿ ಸೇತುವೆ (ಜೋರ್ಡಾನಿನವರು ಕಿಂಗ್ ಹುಸೇನ್ ಸೇತುವೆ ಎನ್ನುತ್ತಾರೆ), ದಕ್ಷಿಣದಲ್ಲಿ ವಾದಿ ಅರಾಬಾ. ಅಲೆನ್‌ಬಿಯಲ್ಲಿ ಜೋರ್ಡಾನಿನ ವೀಸಾ ಅಲ್ಲೇ ಕೊಡುವುದಿಲ್ಲ, ಮೊದಲೇ ಪಡೆದಿರಬೇಕು. ಶುಕ್ರವಾರ, ಶನಿವಾರ ಅದು ತೆರೆದಿರುವ ಹೊತ್ತು ಕಡಿಮೆ. ಗಡಿಯಲ್ಲಿ ಬಸ್ಸೂ ಬದಲು, ಗೈಡೂ ಬದಲು. ಲಗೇಜನ್ನು ಇಳಿಸಿ, ತಪಾಸಣೆಗೆ ಹಾಕಿ, ಶಟಲ್ ಬಸ್ಸಿಗೆ ಏರಿಸಿ, ಮತ್ತೆ ಇಳಿಸಬೇಕು. ಹಾಗಾಗಿ ತಾನೇ ಎತ್ತಲಾಗದಷ್ಟು ಭಾರದ ಪೆಟ್ಟಿಗೆಯನ್ನು ಯಾರೂ ತರಬಾರದು. ಬೆತ್ಲೆಹೇಮ್ ಜೆರುಸಲೇಮಿನಿಂದ ಹತ್ತು ಕಿಲೋಮೀಟರಿಗಿಂತ ಕಡಿಮೆ ದೂರ, ಆದರೆ ಅದು ಪ್ಯಾಲೆಸ್ಟೀನ್ ಆಡಳಿತದಲ್ಲಿದೆ. ಸಾಮಾನ್ಯವಾಗಿ ಅಲ್ಲಿ ಸ್ಥಳೀಯ ಗೈಡ್ ಜೊತೆಯಾಗುತ್ತಾರೆ, ಮರಳುವಾಗ ಚೆಕ್‌ಪಾಯಿಂಟ್‌ನಲ್ಲಿ ಬಸ್ಸು ಹತ್ತಿ ಪಾಸ್‌ಪೋರ್ಟ್ ನೋಡಬಹುದು. ಆ ದಿನ ಪಾಸ್‌ಪೋರ್ಟ್ ಹೋಟೆಲ್ ಲಾಕರಿನಲ್ಲಿಟ್ಟು ಬಂದವರಿಂದ ಇಡೀ ಬಸ್ಸು ನಿಲ್ಲುತ್ತದೆ.

ವಿಮೆಯ ಮಾತು ಕಹಿಯಾದರೂ ಹೇಳಲೇಬೇಕು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ನಂತರ ಆ ನಾಡಿಗೆ ಹೊರಡಬೇಕಿದ್ದ ಎಷ್ಟೋ ತಂಡಗಳು ನಿಂತವು, ವಿಮಾನಗಳು ಪದೇಪದೇ ರದ್ದಾದವು. ಹೆಚ್ಚಿನ ಪ್ರಯಾಣ ವಿಮೆಗಳು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ, ನಿಮ್ಮ ಸರ್ಕಾರ ಹೋಗಬೇಡಿ ಎಂದ ಜಾಗಕ್ಕೆ ಹೋದರೆ ಆಸ್ಪತ್ರೆಯ ಖರ್ಚನ್ನೂ ಕೊಡದಿರಬಹುದು. ಪಾಲಿಸಿಯಲ್ಲಿ ಈ ಎರಡು ಸಾಲುಗಳನ್ನು ಹುಡುಕಿ ಓದಿ. ಮೊದಲೇ ಇರುವ ಕಾಯಿಲೆಗಳನ್ನು ಮುಚ್ಚಿಟ್ಟು ಕೊಂಡ ವಿಮೆ ಕಾಗದಕ್ಕೆ ಸಮ. ಮುಂಗಡ ಕಟ್ಟಿದ ವಾರದಲ್ಲೇ ವಿಮೆ ಮಾಡಿಸಿದರೆ, ಹೊರಡುವ ಮೊದಲೇ ಕಾಯಿಲೆ ಬಿದ್ದು ನಿಂತವರಿಗೂ ರದ್ದತಿಯ ಪರಿಹಾರ ಸಿಗುವ ಸಾಧ್ಯತೆಯಿರುತ್ತದೆ. ಹೊರಡುವ ಹಿಂದಿನ ದಿನ ಮಾಡಿಸಿದರೆ ಆ ಭಾಗವೇ ವ್ಯರ್ಥ. ಯಾತ್ರೆ ಮುಂದೂಡಿದರೆ ಕಟ್ಟಿದ ಹಣ ವಾಪಸೋ, ಮುಂದಿನ ದಿನಾಂಕಕ್ಕೆ ಜಮೆಯೋ ಎನ್ನುವುದು ಆಪರೇಟರಿನ ಒಪ್ಪಂದದಲ್ಲಿ ಬರಹದಲ್ಲಿರಲಿ.

ಇನ್ನು ಕಾಲು. ಇದನ್ನು ಹಗುರವಾಗಿ ತೆಗೆದುಕೊಳ್ಳುವಷ್ಟು ಬೇರೆ ಯಾವುದನ್ನೂ ಯಾತ್ರಿಕರು ತೆಗೆದುಕೊಳ್ಳುವುದಿಲ್ಲ. ಹೊರಡುವ ಹನ್ನೆರಡು ವಾರ ಮೊದಲೇ ನಡಿಗೆ ಶುರುವಾಗಬೇಕು. ಮೊದಲ ವಾರ ದಿನಕ್ಕೆ 20 ನಿಮಿಷ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ಹೋದರೆ ಹತ್ತನೆಯ ವಾರಕ್ಕೆ ಒಂದು ಗಂಟೆ ದಾಟುತ್ತದೆ. ವಾರಕ್ಕೆ ಎರಡು ಸಲ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಹತ್ತುವಾಗ ಉಸಿರು ಸೋಲುತ್ತದೆ, ನಿಂತರೆ ಮರಳುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆಹಿಡಿಯಬೇಕು. ಅದು ಸೋತಾಗ ಭಾರ ಮಂಡಿಗೆ ಬೀಳುತ್ತದೆ, ಮರುದಿನ ಏಳಲಾಗುವುದಿಲ್ಲ. ಆಲಿವ್ ಗುಡ್ಡದಿಂದ ಗೆತ್ಸೆಮನೆಗೆ ಇಳಿಯುವ ಗರಿಗಳ ಭಾನುವಾರದ ದಾರಿ ಇಂಥದ್ದೇ: ಕಡಿದು, ಉದ್ದ, ನಿಲ್ಲಲು ಸಮತಟ್ಟು ಕಡಿಮೆ. ಶೂ ಹೊಸದಾಗಿರಕೂಡದು, ಒಂದು ತಿಂಗಳಾದರೂ ಕಾಲಿಗೆ ಒಗ್ಗಿರಬೇಕು. ಅಡಿ ಸವೆದಿರಲೂ ಕೂಡದು. ಜೆರುಸಲೇಮಿನ ಬೀದಿಯ ಸುಣ್ಣಕಲ್ಲು ಶತಮಾನಗಳ ಹೆಜ್ಜೆಗೆ ನುಣ್ಣಗಾಗಿದೆ. ನವೆಂಬರಿನಿಂದ ಮಾರ್ಚಿನವರೆಗಿನ ಮಳೆಯಲ್ಲಿ ಅದು ಎಣ್ಣೆ ಹಚ್ಚಿದಂತೆ ಜಾರುತ್ತದೆ.

ಎಲ್ಲಿ ಎಷ್ಟು ಕಷ್ಟ ಎನ್ನುವುದನ್ನು ಬಾಯಿ ಮಾತಿನಲ್ಲಿ ‘ಸ್ವಲ್ಪ ನಡೆಯಬೇಕು’ ಎಂದು ಹೇಳಿ ಮುಗಿಸಬಾರದು. ಪವಿತ್ರ ಸಮಾಧಿ ದೇವಾಲಯದಲ್ಲಿ ಒಳಹೊಕ್ಕ ಕೂಡಲೇ ಬಲಗಡೆ, ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾಕ್ಕೆ ಹತ್ತುವ ಮೆಟ್ಟಿಲು ಕಡಿದಾಗಿವೆ, ಸವೆದಿವೆ, ತಿರುವಿನಲ್ಲಿವೆ. ಬೆತ್ಲೆಹೇಮಿನ ಜನನ ದೇವಾಲಯದ ಬಾಗಿಲು ನಾಲ್ಕು ಅಡಿಯಷ್ಟೇ ಎತ್ತರ. ಬೆನ್ನು ನೋವಿನವರು ಒಂದು ಕೈ ಕಲ್ಲಿಗೆ ಊರಿ ನಿಧಾನವಾಗಿ ಬಾಗಬೇಕು, ಹಿಂದಿನವರು ತಳ್ಳಬಾರದು. ಗುಹೆಗೆ ಇಳಿಯುವ ಮೆಟ್ಟಿಲೂ ಕಿರಿದು. ತಾಬೋರ್ ಬೆಟ್ಟಕ್ಕೆ ದೊಡ್ಡ ಬಸ್ಸು ಹೋಗದು, ತಪ್ಪಲಿನಲ್ಲಿ ಇಳಿದು ಸಣ್ಣ ವಾಹನದಲ್ಲಿ ಹೇರ್‌ಪಿನ್ ತಿರುವುಗಳನ್ನು ಏರಬೇಕು. ವಾಂತಿ ಬರುವವರು ಮುಂದಿನ ಸೀಟು ಕೇಳಿ ಪಡೆಯಲಿ. ಸೀನಾಯಿ ಬೇರೆಯೇ ಲೆಕ್ಕ: 2285 ಮೀಟರ್, ನಡುರಾತ್ರಿ ಕಳೆದ ಮೇಲೆ ಹೊರಟು ಸುಮಾರು ಮೂರು ಗಂಟೆ ಏರಿದ ಮೇಲೂ ಕೊನೆಗೆ 750 ಒರಟು ಮೆಟ್ಟಿಲು, ಚಳಿಗಾಲದಲ್ಲಿ ಕೊರೆಯುವ ಚಳಿ. ಹತ್ತಲಾಗದವರು ಕೆಳಗೆ ಸಂತ ಕ್ಯಾಥರೀನಳ ಮಠದ ಬಳಿ ಬೆಳಗನ್ನು ಪ್ರಾರ್ಥನೆಯಲ್ಲಿ ಕಳೆಯುವ ಏರ್ಪಾಡು ಹಾಳೆಯಲ್ಲಿ ಮೊದಲೇ ಇರಬೇಕು. ಆಯ್ಕೆ ಬರಹದಲ್ಲಿದ್ದರೆ ಹಿರಿಯರಿಗೆ ಅದು ಸೋಲು ಅನ್ನಿಸುವುದಿಲ್ಲ. ಬೆಟ್ಟದ ಬುಡದಲ್ಲಿ, ಎಲ್ಲರೆದುರು, ರಾತ್ರಿ ಎರಡಕ್ಕೆ ಕೇಳಿದರೆ ಅನ್ನಿಸುತ್ತದೆ.

ಔಷಧಿಗಳನ್ನು ಎರಡು ಪಾಲು ಮಾಡಿ, ಒಂದು ಪೂರ್ತಿ ಪಾಲು ಕೈಚೀಲದಲ್ಲೇ ಇರಲಿ; ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆಯವರ ಊಟ ಗಡಿಯಲ್ಲೋ ಸಾಲಿನಲ್ಲೋ ತಡವಾಗಿಯೇ ಆಗುತ್ತದೆ, ಜೇಬಿನಲ್ಲಿ ತಿನ್ನಲು ಏನಾದರೂ ಬೇಕು. ಜೆರುಸಲೇಮ್ ಸಮುದ್ರಮಟ್ಟದಿಂದ 750 ಮೀಟರಿಗಿಂತ ಮೇಲಿದೆ, ಮೃತ ಸಮುದ್ರದ ದಂಡೆ 430 ಮೀಟರಿಗಿಂತಲೂ ಕೆಳಗೆ. ಒಂದು ಗಂಟೆಯೊಳಗೆ ಅಷ್ಟು ಇಳಿದಾಗ ಕಿವಿ ಕಟ್ಟಿಕೊಳ್ಳುತ್ತದೆ, ಸೆಕೆ ಏಕಾಏಕಿ ಏರುತ್ತದೆ, ನೀರು ಕುಡಿಯಲು ಮರೆತವರು ಅಲ್ಲೇ ತಲೆಸುತ್ತಿ ಬೀಳುತ್ತಾರೆ. ಮೃತ ಸಮುದ್ರಕ್ಕೆ ಇಳಿಯುವವರು ಹಿಂದಿನ ದಿನ ಕ್ಷೌರ ಮಾಡಿಕೊಳ್ಳಬಾರದು, ಬೆಳ್ಳಿ ಆಭರಣ ತೆಗೆದಿಡಬೇಕು, ಹಿಂದಕ್ಕೆ ಮೆಲ್ಲಗೆ ಕೂರುವಂತೆ ಒರಗಬೇಕು, ಹದಿನೈದು ನಿಮಿಷಕ್ಕೆ ಹೊರಬರಬೇಕು. ಬೋರಲು ಮಲಗಿ ಈಜಲು ಹೋದವರ ಕಾಲು ಮೇಲೆದ್ದು ಮುಖ ನೀರಿಗೆ ಹೋಗುತ್ತದೆ. ಅದೇ ಅಲ್ಲಿನ ದೊಡ್ಡ ಅಪಾಯ.

ಉಡುಪಿನ ನಿಯಮ ಸರಳ: ಭುಜ, ಮಂಡಿ ಮುಚ್ಚಿರಬೇಕು, ಗಂಡಸರಿಗೂ ಅದೇ. ಚರ್ಚಿನಲ್ಲಿ ಗಂಡಸರು ಟೋಪಿ ತೆಗೆಯಬೇಕು, ಯೆಹೂದ್ಯರು ಪ್ರಾರ್ಥಿಸುವ ಪಶ್ಚಿಮ ಗೋಡೆಯ ಬಳಿ ತಲೆ ಮುಚ್ಚಬೇಕು. ಅಲ್-ಅಕ್ಸಾ ಮಸೀದಿಯಿರುವ ದೇವಾಲಯದ ದಿಬ್ಬಕ್ಕೆ (ಟೆಂಪಲ್ ಮೌಂಟ್) ಮುಸ್ಲಿಮೇತರರು ಹೋಗುವ ಬಾಗಿಲು ಒಂದೇ, ಹೊತ್ತು ಕೆಲವೇ ಗಂಟೆ, ಶುಕ್ರವಾರ ಶನಿವಾರ ಇಲ್ಲ. ಬೈಬಲ್, ಜಪಸರ, ಎದ್ದುಕಾಣುವ ಶಿಲುಬೆ ಒಯ್ಯುವಂತಿಲ್ಲ, ಅಲ್ಲಿ ಪ್ರಾರ್ಥನೆ ಹೇಳುವಂತಿಲ್ಲ. ಬೆಳಿಗ್ಗೆ ಹೋಟೆಲಿನಲ್ಲೇ ಇದನ್ನು ಹೇಳದಿದ್ದರೆ ತಪಾಸಣೆಯ ಮೇಜಿನ ಮುಂದೆ ನಲವತ್ತು ಬೈಬಲ್ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ.

ತಂಡವನ್ನು ಎಣಿಸುವುದಕ್ಕೆ ಹೆಸರು ಕರೆಯಬೇಡಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ; ಬಸ್ಸಿನಲ್ಲಿ ಒಂದರಿಂದ ಕೂಗುತ್ತ ಹೋದರೆ 45 ಜನರ ಎಣಿಕೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಇಬ್ಬಿಬ್ಬರ ಜೊತೆ ಕಟ್ಟಿ, ಗಂಡ ಹೆಂಡತಿಯನ್ನೇ ಜೊತೆ ಮಾಡಬೇಡಿ, ಇಬ್ಬರೂ ಒಟ್ಟಿಗೇ ಕಳೆದುಹೋಗುತ್ತಾರೆ. ಎಲ್ಲರಿಗಿಂತ ಹಿಂದೆ ನಡೆಯುವ ಒಬ್ಬರು ಬೇಕು, ಅವರಿಗೆ ಫೋಟೊ ತೆಗೆಯುವ ಹುಚ್ಚಿರಬಾರದು. ಹಳೆ ಪಟ್ಟಣದಲ್ಲಿ ತಪ್ಪಿದವರು ಹುಡುಕಿಕೊಂಡು ಅಲೆಯದೆ ಕೊನೆಯದಾಗಿ ತಂಡವನ್ನು ಕಂಡ ಜಾಗದಲ್ಲೇ ನಿಲ್ಲಬೇಕು ಎನ್ನುವ ಒಂದೇ ನಿಯಮ ಸಾಕು.

ಇಷ್ಟೆಲ್ಲ ಹೊರಗಿನದು. ಒಳಗಿನ ತಯಾರಿಗೆ ಹದಿನಾರು ಶತಮಾನಗಳ ಹಿಂದಿನ ಒಬ್ಬ ಹೆಂಗಸು ದಾರಿ ತೋರಿಸಿದ್ದಾಳೆ. ಎಗೇರಿಯಾ ಎಂಬಾಕೆ 380ರ ದಶಕದಲ್ಲಿ ಪವಿತ್ರ ನಾಡನ್ನು ಸುತ್ತಿ ತನ್ನ ಸಹೋದರಿಯರಿಗೆ ಬರೆದದ್ದು ಉಳಿದುಕೊಂಡಿದೆ. ಆಕೆ ಎಲ್ಲಿಗೆ ಹೋದರೂ ಒಂದೇ ಕ್ರಮ: ಮೊದಲು ಪ್ರಾರ್ಥನೆ, ಆಮೇಲೆ ಆ ಜಾಗಕ್ಕೆ ಸಂಬಂಧಿಸಿದ ಬೈಬಲ್ ಭಾಗವನ್ನು ಅಲ್ಲೇ ನಿಂತು ಓದುವುದು, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ಇದಕ್ಕಿಂತ ಒಳ್ಳೆಯ ಕ್ರಮ ಇವತ್ತಿಗೂ ಇಲ್ಲ ಎಂದೇ ನನ್ನ ನಂಬಿಕೆ. ಹತ್ತರಿಂದ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ, ಗುರುಗಳಿರಲಿ ಇಲ್ಲದಿರಲಿ ನಡೆಯುತ್ತದೆ.

ಹೊರಡುವ ಮೊದಲು ಆರು ಸಲ ಸೇರಿ. ಪ್ರತಿ ಸಲವೂ ಒಂದು ಊರು, ಒಂದು ನಕ್ಷೆ, ಒಂದು ಓದು. ನಜರೇತಿಗೆ ಲೂಕ ಮೊದಲ ಅಧ್ಯಾಯ, ಕಾನಾಕ್ಕೆ ಯೊವಾನ್ನ ಎರಡು, ಗಲಿಲೇಯದ ದಂಡೆಗೆ ಯೊವಾನ್ನ ಇಪ್ಪತ್ತೊಂದು, ಬೆತ್ಸಥ ಕೊಳಕ್ಕೆ ಯೊವಾನ್ನ ಐದು, ಗೆತ್ಸೆಮನೆಗೆ ಮಾರ್ಕ ಹದಿನಾಲ್ಕು. ಪ್ರತಿ ಭಾಗವನ್ನೂ ಒಬ್ಬೊಬ್ಬರಿಗೆ ವಹಿಸಿ. ಅವರು ಅದನ್ನು ಮನೆಯಲ್ಲಿ ಹತ್ತು ಸಲ ಗಟ್ಟಿಯಾಗಿ ಓದಿಕೊಳ್ಳಲಿ. ತಿಂಗಳುಗಟ್ಟಲೆ ಒಂದೇ ಭಾಗವನ್ನು ಹೊತ್ತು ನಡೆದವರು ಅಲ್ಲಿಗೆ ತಲುಪಿ ಬಾಯಿ ತೆರೆದಾಗ ಕೇಳುವವರಿಗೂ ಅದು ಬೇರೆಯೇ ಆಗಿ ಕೇಳುತ್ತದೆ. ಓದು, ಹಾಡು, ಪ್ರಾರ್ಥನೆಗಳನ್ನು ಒಂದು ಕಿರುಹೊತ್ತಿಗೆಯಾಗಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪುಟಸಂಖ್ಯೆ ಮರೆಯಬೇಡಿ. ಗುಹೆಗಳಲ್ಲಿ ಬೆಳಕು ಮಂದ, ಮೊಬೈಲಿನಲ್ಲಿ ಹುಡುಕುತ್ತ ನಿಂತರೆ ಓದು ಮುಗಿದಿರುತ್ತದೆ. ಬಸ್ಸಿನಲ್ಲಿ ಹೇಳಲು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳಿವೆ, ಜೆರುಸಲೇಮಿಗೆ ಏರುವವರ ಕೀರ್ತನೆಗಳೇ ಅವು.

ಮೂರು ಹಾಡುಗಳಾದರೂ ಕಂಠಪಾಠವಾಗಿರಲಿ. ಬೆತ್ಸಥ ಕೊಳದ ಪಕ್ಕದ ಸಂತ ಅನ್ನಳ ದೇವಾಲಯ 12ನೇ ಶತಮಾನದ ಕಲ್ಲಿನ ಕಟ್ಟಡ; ಒಂದು ಸ್ವರ ಹೇಳಿ ನಿಲ್ಲಿಸಿದರೆ ಅದು ಹಲವು ಕ್ಷಣ ಮೇಲೆಯೇ ತೇಲುತ್ತಿರುತ್ತದೆ. ಅಲ್ಲಿ ವೇಗದ ಹಾಡು ಗೋಜಲಾಗುತ್ತದೆ. ನಿಧಾನದ, ಉದ್ದ ಸ್ವರಗಳ ಹಾಡು ಆರಿಸಿ, ಪ್ರತಿ ಸಾಲಿನ ಕೊನೆಗೆ ಹಿಂದಿನ ಸ್ವರ ಆರುವವರೆಗೆ ಕಾಯಿರಿ. ಇಪ್ಪತ್ತು ಸಾಧಾರಣ ಕಂಠಗಳು ಅಲ್ಲಿ ದೊಡ್ಡ ಗಾನವೃಂದವಾಗುತ್ತವೆ.

ನಿರಾಶೆಗೂ ತಯಾರಿ ಬೇಕು. ಶಿಲುಬೆಯ ಹಾದಿ ಎಂದರೆ ಮೌನದ ಬೀದಿ ಎಂದುಕೊಂಡು ಹೋದವರಿಗೆ ಸಿಗುವುದು ಸಂತೆ: ಮಸಾಲೆ, ಬಟ್ಟೆ, ಕೈಗಾಡಿ, ಕೂಗು. ಹದಿನಾಲ್ಕು ಸ್ಥಾನಗಳಲ್ಲಿ ಕೊನೆಯ ಐದು ಪವಿತ್ರ ಸಮಾಧಿ ದೇವಾಲಯದ ಒಳಗೇ ಇವೆ, ಉಳಿದವು ಬೀದಿಯಲ್ಲಿ. ಆ ಗದ್ದಲದ ನಡುವೆಯೇ ಯೇಸು ಶಿಲುಬೆ ಹೊತ್ತದ್ದು ಎಂದು ಮೊದಲೇ ಮಾತಾಡಿಕೊಂಡ ತಂಡಕ್ಕೆ ಸಂತೆ ಅಡ್ಡಿಯಾಗುವುದಿಲ್ಲ. ಬೆಳಗಿನ ಆರಕ್ಕೆ ಹೊರಟರೆ ಅಂಗಡಿಗಳೂ ತೆರೆದಿರುವುದಿಲ್ಲ. ‘ನಿಜವಾಗಿಯೂ ಇದೇ ಜಾಗವೇ?’ ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಇಂದಿನ ಶಿಲುಬೆ ಹಾದಿಯ ದಾರಿ ರೂಪುಗೊಂಡದ್ದು ಬಹಳ ತಡವಾಗಿ. ಕಾನಾ, ಎಮ್ಮಾವುಸ್ ತಾವೇ ಎನ್ನುವ ಊರುಗಳು ಒಂದಕ್ಕಿಂತ ಹೆಚ್ಚು. ಗೆತ್ಸೆಮನೆಯ ಎಂಟು ಮುದಿ ಆಲಿವ್ ಮರಗಳಲ್ಲಿ ಮೂರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಕಾಂಡಗಳು 11–12ನೇ ಶತಮಾನದವು. ಗೊಲ್ಗೊಥಾ ಮತ್ತು ಸಮಾಧಿಯ ಜಾಗವನ್ನಾದರೋ 4ನೇ ಶತಮಾನದಿಂದ ಗುರುತಿಸಿ ಪೂಜಿಸುತ್ತ ಬಂದಿದ್ದಾರೆ. ಸತ್ಯವನ್ನು ಮುಚ್ಚಿಟ್ಟ ಗೈಡ್‌ಗಿಂತ ಬಿಚ್ಚಿಟ್ಟ ಗೈಡ್ ಭಕ್ತಿಗೆ ಹೆಚ್ಚು ನೆರವಾಗುತ್ತಾರೆ.

ಆ ದೇವಾಲಯವನ್ನು ಹಂಚಿಕೊಂಡಿರುವುದು ಆರು ಸಭೆಗಳು: ಗ್ರೀಕ್ ಆರ್ಥೊಡಾಕ್ಸ್, ಲ್ಯಾಟಿನ್ (ರೋಮನ್ ಕ್ಯಾಥೊಲಿಕ್), ಅರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್. ಬೀಗದ ಕೈ ಎರಡು ಮುಸ್ಲಿಂ ಕುಟುಂಬಗಳ ಹೊಣೆಯಲ್ಲಿದೆ. ಯಾರು ಎಲ್ಲಿ, ಯಾವ ಹೊತ್ತಿಗೆ, ಯಾವ ದೀಪ ಎನ್ನುವುದು 19ನೇ ಶತಮಾನದ ಒಟ್ಟೊಮನ್ ಆಜ್ಞೆ ಸ್ಥಿರಗೊಳಿಸಿದ ಕಟ್ಟಳೆ. ಮುಂಭಾಗದ ಕಿಟಕಿಯ ಕೆಳಗಿನ ಏಣಿಯೊಂದು ಅದೇ ಕಾರಣಕ್ಕೆ ಅಲ್ಲೇ ಉಳಿದಿದೆ. ನಿಮ್ಮ ಹಾಡಿನ ನಡುವೆ ಇನ್ನೊಂದು ಸಭೆಯ ಧೂಪದ ಮೆರವಣಿಗೆ ಬಂದರೆ ದಾರಿ ಬಿಟ್ಟು ನಿಲ್ಲಬೇಕು, ಅದು ಅವರ ಹೊತ್ತು. 2017ರಲ್ಲಿ ದುರಸ್ತಿ ಮುಗಿದ ಸಮಾಧಿಗೃಹದ ಹೊರಕೋಣೆ ದೇವದೂತನದು, ಅಲ್ಲಿಂದ ತಗ್ಗು ಬಾಗಿಲಲ್ಲಿ ಬಾಗಿ ಒಳಹೋದರೆ ಬಲಗಡೆ ಅಮೃತಶಿಲೆಯ ಹಾಸು. ಒಮ್ಮೆಗೆ ಮೂರು ನಾಲ್ಕು ಜನ, ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಏನು ಪ್ರಾರ್ಥಿಸಬೇಕೆಂದು ಸಾಲಿನಲ್ಲಿ ನಿಂತಾಗಲ್ಲ, ಮನೆಯಲ್ಲೇ ಯೋಚಿಸಿರಬೇಕು. ನೆರೆಹೊರೆಯವರು ಬರೆದುಕೊಟ್ಟ ಕೋರಿಕೆಯ ಚೀಟಿಗಳನ್ನು ಒಂದೇ ಬಟ್ಟೆಚೀಲದಲ್ಲಿ ಹಾಕಿ, ಆ ದಿನದ ಬಲಿಪೂಜೆಯಲ್ಲಿ ಪೀಠದ ಬಳಿ ಇಟ್ಟು ಒಟ್ಟಾಗಿ ಅರ್ಪಿಸಿ. ಸಮಾಧಿಯೊಳಗೆ ಒಂದೊಂದೇ ಬಿಚ್ಚಿ ಓದಲು ಬಿಡುವುದಿಲ್ಲ.

ಹಗಲಿನ ಭೇಟಿಗೆ ಕ್ಯಾಮೆರಾ ಇರಲಿ. ಆದರೆ ಕೊನೆಯ ಬೆಳಗನ್ನು ಹಾಳೆಯಲ್ಲಿ ಖಾಲಿ ಬಿಡಿಸಿ, ಹೋಟೆಲನ್ನು ಹಳೆ ಪಟ್ಟಣಕ್ಕೆ ನಡೆದು ಹೋಗುವಷ್ಟು ಹತ್ತಿರ ಆರಿಸಿ. ದೇವಾಲಯದ ಬಾಗಿಲು ತೆರೆಯುವುದು ಬೆಳಗಿನ ಜಾವಕ್ಕೆ, ಬಸ್ಸುಗಳು ಬರುವುದು ಎಷ್ಟೋ ಹೊತ್ತಿನ ಮೇಲೆ. ಬಯಸಿದವರು ಹಿಂದಿನ ರಾತ್ರಿಯೇ ಹೆಸರು ಕೊಟ್ಟು, ಇಬ್ಬಿಬ್ಬರಾಗಿ, ಕೈಯಲ್ಲೊಂದು ಟಾರ್ಚ್, ಜೇಬಿನಲ್ಲಿ ಹೋಟೆಲಿನ ವಿಳಾಸದ ಚೀಟಿ ಹಿಡಿದು ನಾಲ್ಕೂವರೆಗೆ ಹೊರಡಲಿ. ಬೀದಿಯ ಕಲ್ಲು ತಂಪಾಗಿರುತ್ತದೆ, ಅಂಗಡಿಯ ಕದಗಳು ಮುಚ್ಚಿರುತ್ತವೆ. ಆ ದಿನದ ಓದು ಯೊವಾನ್ನ ಇಪ್ಪತ್ತನೆಯ ಅಧ್ಯಾಯ: ವಾರದ ಮೊದಲನೆಯ ದಿನ, ಇನ್ನೂ ಕತ್ತಲಿರುವಾಗಲೇ, ಮಗ್ದಲದ ಮರಿಯಳು ಸಮಾಧಿಯ ಬಳಿಗೆ ಬಂದಳು.